ಮಗನ ಮಾತು ಬಂದಾಗ ಜಗಲಿ ಇಳಿಯಬೇಕು

ಮದುವೆಯಾಗಿ ಮಧುಗಿರಿಯಿಂದ ಶಿರಾಕ್ಕೆ ಬಂದ ಹೊಸತರಲ್ಲಿ, ನಮ್ಮ ಮಾವನವರ ಜಗಲಿಯ ಮೇಲೆ ದಿನಾ ಸಂಜೆ ಸೇರುತ್ತಿದ್ದ ಗಂಡಸರು ಯಾರದೋ ಮನೆಯ ಹೆಣ್ಣು ಗಂಡಿನ ಸಂಬಂಧ ಕುದುರಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಒಳಗೆ ಅಕ್ಕಿ ಆರಿಸುತ್ತಾ ಕೂತರೆ ಕಿಟಕಿಯಿಂದ ಮಾತು ನೇರವಾಗಿ ಮೊರಕ್ಕೇ ಬಂದು ಬೀಳುತ್ತಿತ್ತು. "ಆ ಹುಡುಗನ್ನ ಈಗ್ಲೇ ಹಿಡ್ಕಂಡುಬುಡ್ಬೇಕು ಕಣ್ರಪ್ಪ, ಇಲ್ದಿದ್ರೆ ಕೊರಟಗೆರೆಯೋರು ಹೊಡ್ಕಂಡೋಯ್ತಾರೆ." "ಹಿಡ್ಕಂಡು ಏನ್ ಮಾಡೀರಾ? ಅವನ ಎಡಗಾಲು ಇರೋದೇ ದಂಡಕ್ಕೆ." ಗಂಡಿಗೆ ಕಾಲು ಊನವೇನೋ ಪಾಪ ಎಂದು ನಾನು ಮರುಗಿದ್ದೂ ಉಂಟು. ಕೊನೆಗೆ ಅತ್ತೆಯವರನ್ನು ಕೇಳಿದೆ. ಅವರು ಒಲೆ ಊದುವುದನ್ನು ನಿಲ್ಲಿಸಿ, "ಫುಟ್‌ಬಾಲ್ ಕಣಮ್ಮ. ನಮ್ಮನೆ ಗಂಡಸ್ರಿಗೆ ಹಿಡಿದಿರೋ ಗಾಳಿ ಅದು. ಬಿಡಿಸೋ ಮಂತ್ರವಾದಿ ಇನ್ನೂ ಹುಟ್ಟಿಲ್ಲ" ಎಂದರು.

ಇದು ಐವತ್ತರ ದಶಕದ ನಡುವಿನ ಮಾತು. ನನ್ನ ತವರಿನಲ್ಲಿ ನಾಲ್ಕು ಜನ ಸೇರಿದರೆ ಮಳೆ, ಕಡಲೆಕಾಯಿ ಧಾರಣೆ, ಯಾರ ಎಮ್ಮೆ ಕಳೆಯಿತು ಎನ್ನುವ ಮಾತು. ಇಲ್ಲಿ ಎಲ್ಲವೂ ಚೆಂಡು. ಪ್ರತಿ ವರ್ಷ ಒಕ್ಕಣೆ ಮುಗಿದ ಮೇಲೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಟೀಮುಗಳು ಒಬ್ಬರ ಊರಿಗೊಬ್ಬರು ಹೋಗಿ ಆಡುತ್ತಿದ್ದವು. ಕೊನೆಯ ಆಟ ಮಧುಗಿರಿಯಲ್ಲಿ, ಬೆಟ್ಟದ ಕೆಳಗಿನ ಬಯಲಲ್ಲಿ. ಬೂಟು ಇದ್ದವರು ಇಬ್ಬರೋ ಮೂವರೋ, ಉಳಿದವರದೆಲ್ಲ ಬರಿಗಾಲು. ಆದರೆ ಆ ಟೀಮಿಗೆ ಯಾರನ್ನು ಹಾಕಬೇಕು, ಯಾರನ್ನು ಬಿಡಬೇಕು ಎನ್ನುವುದಕ್ಕೆ ನಡೆಯುತ್ತಿದ್ದ ಚರ್ಚೆ ನೋಡಿದರೆ ಮೈಸೂರು ಅರಮನೆಗೆ ದಿವಾನರನ್ನು ಆರಿಸುತ್ತಿದ್ದಾರೇನೋ ಅನ್ನಿಸಬೇಕು.

ಹೆಸರಿಗೆ ಆರಿಸುವವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಸೀಟಿ ಅವರ ಕೊರಳಲ್ಲಿರುತ್ತಿತ್ತು, ತೀರ್ಮಾನ ಮಾತ್ರ ನಮ್ಮ ಜಗಲಿಯಲ್ಲಿ ಆಗುತ್ತಿತ್ತು. ಅಲ್ಲಿಯ ಹಿರಿಯರು ನಮ್ಮ ಮಾವ. ಪೇಟೆಯಲ್ಲಿ ಕಂಬಳಿ ಅಂಗಡಿ ಇಟ್ಟಿದ್ದರು. ಹುಲಿಕುಂಟೆ ಕಡೆಯಿಂದ ಕುರಿಯವರು ತರುತ್ತಿದ್ದ ಕಂಬಳಿಯನ್ನು ಬೆರಳಲ್ಲಿ ಮುಟ್ಟಿ ಯಾವ ಕೈ ನೇಯ್ದದ್ದು ಎಂದು ಹೇಳುತ್ತಿದ್ದ ಮನುಷ್ಯ. ಒಂದು ದಿನವೂ ಚೆಂಡಿಗೆ ಕಾಲು ತಾಗಿಸಿದವರಲ್ಲ. ಅವರ ಪಕ್ಕಕ್ಕೆ ಅವರ ಬಾಲ್ಯದ ಗೆಳೆಯರು, ಪಾತ್ರೆಗೆ ಕಲಾಯಿ ಹಾಕುವ ಅಂಗಡಿಯ ಸಾಬರು. ಊರೆಲ್ಲ ಅವರನ್ನು ಕಲಾಯಿ ಸಾಬರು ಎಂದೇ ಕರೆಯುತ್ತಿತ್ತು. ನಾನು ಚಾಚಾ ಎನ್ನುತ್ತಿದ್ದೆ. ಹುಡುಗರಾಗಿದ್ದಾಗ ಕೋಟೆ ಬಯಲಲ್ಲಿ ಆಡಿ ಹೆಬ್ಬೆರಳು ಮುರಿದುಕೊಂಡವರಾದ್ದರಿಂದ ಜಗಲಿಯಲ್ಲಿ ಅವರ ಮಾತಿಗೆ ತೂಕ ಹೆಚ್ಚು. ಆಮೇಲೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನವರು. ಇವರು ಯಾರು ಏನೇ ಹೇಳಿದರೂ ಅಡ್ಡ ಮಾತು ಹೇಳುವವರು. ಇನ್ನು ಬಂದು ಹೋಗುವವರು ಹಲವರು.

ಅವರ ಚರ್ಚೆಯ ರುಚಿ ನನಗೂ ನಿಧಾನವಾಗಿ ಹತ್ತಿತು, ಸುಳ್ಳು ಯಾಕೆ ಹೇಳಲಿ. ಒಂದು ವರ್ಷ ಹುಲಿಕುಂಟೆಯ ಒಬ್ಬ ಹುಡುಗನ ಮೇಲೆ ದಿನಗಟ್ಟಲೆ ವಾದ ನಡೆಯಿತು. ಸಂತೆಯ ದಿನ ಅಪ್ಪನ ಜೊತೆ ಕಂಬಳಿ ತಂದಿದ್ದ ಅವನು, ತಪ್ಪಿಸಿಕೊಂಡು ಓಡಿದ ಒಂದು ಹೋತವನ್ನು ಸಂತೆಯ ಜನದ ನಡುವೆ ಅಟ್ಟಿಸಿಕೊಂಡು ಹೋಗಿ ಹಿಡಿದದ್ದನ್ನು ಮಾವ ಕಣ್ಣಾರೆ ನೋಡಿದ್ದರು. "ಯಾರಿಗೂ ಮೈ ತಾಗಿಸ್ಲಿಲ್ಲ ಕಣ್ರಯ್ಯ, ನೀರು ಹರ್ದಂಗೆ ಹರ್ದ" ಎಂದು ಅವರ ವರ್ಣನೆ. "ಹೋತ ಹಿಡಿಯೋನು ಗೋಲು ಹೊಡೀತಾನಾ?" ಎಂದು ಹೋಟೆಲಿನವರ ಅಡ್ಡ ಮಾತು. ಕೊನೆಗೆ ಹುಡುಗನನ್ನು ಕರೆಸಿ ಕೆರೆಯಂಗಳದಲ್ಲಿ ಆಡಿಸಿ ನೋಡಿದರು. ಓಟವೇನೋ ಓಡಿದ. ಆದರೆ ಚೆಂಡು ಹತ್ತಿರ ಬಂದದ್ದೇ ಬಂದದ್ದು, ಕುರಿಮರಿ ಎತ್ತಿಕೊಂಡ ಹಾಗೆ ಎರಡೂ ಕೈಯಿಂದ ಬಾಚಿ ಎದೆಗೆ ಅವುಚಿಕೊಂಡುಬಿಟ್ಟ. ಎಷ್ಟು ಹೇಳಿದರೂ ಅದೇ. ಡ್ರಿಲ್ ಮೇಷ್ಟ್ರು ಸೀಟಿ ಊದಿ ಊದಿ ಸುಸ್ತಾದರು. ಜಗಲಿಯಲ್ಲಿ ಎಲ್ಲರೂ ಮಾವನವರ ಕಡೆ ನೋಡಿ ನಗುತ್ತಿದ್ದಾಗ ಸಾಬರು ಹೇಳಿದರು: "ನಗ್ತೀರಲ್ಲ ಭಾಯಿ, ಕೈಯಿಂದ ಹಿಡಿಯೋ ಕೆಲ್ಸಾನೂ ಒಂದೈತಲ್ಲ ಆಟದಾಗೆ. ಗೋಲಿಗೆ ನಿಲ್ಸಿ ಅವನ್ನ." ನಿಲ್ಲಿಸಿದರು. ಗೋಲು ಕಾಯುವುದಕ್ಕೆ ಅವನಂಥ ಗೋಲಿ ಶಿರಾಕ್ಕೆ ಆಮೇಲೆ ಸಿಗಲಿಲ್ಲ.

ಇನ್ನೊಂದು ಸಲ ಕಡಲೆಕಾಯಿ ಮಿಲ್ಲಿಗೆ ಕೆಲಸಕ್ಕೆ ಬಂದಿದ್ದ ಪಾವಗಡದ ಹುಡುಗನ ಮೇಲೆ ವಾದ. ಕಾಲು ಚೆನ್ನಾಗಿತ್ತು, ಬಾಯಲ್ಲಿ ಮಾತ್ರ ತೆಲುಗು ಬಿಟ್ಟರೆ ಇನ್ನೊಂದಿಲ್ಲ. ಆಟದ ನಡುವೆ "ಇಟ್ಲ ಕೊಟ್ರಾ, ಇಟ್ಲ ಕೊಟ್ರಾ" ಎಂದು, ಈ ಕಡೆ ಹೊಡಿಯೋ ಎಂದು, ಕೂಗುತ್ತಿದ್ದ. "ಎಡಗಡೆ ಆಡೋರು ಉರ್ದು, ಬಲಗಡೆ ಇವನು ತೆಲುಗು. ಮಧ್ಯದಾಗೆ ಚೆಂಡು ಯಾರ ಮಾತು ಕೇಳ್ಬೇಕು?" ಎಂದರು ಹೋಟೆಲಿನವರು. "ಗೋಲಿಗೆ ಹೋದ್ರೆ ಸಾಕು, ಯಾರ ಮಾತಾದ್ರೂ ಕೇಳ್ಲಿ" ಎಂದರು ಸಾಬರು. ಅವನನ್ನೂ ತೆಗೆದುಕೊಂಡರು.

ಈ ಜಗಲಿಗೆ ಒಂದು ನಿಯಮವಿತ್ತು. ತನ್ನವರ ಹೆಸರು ಚರ್ಚೆಗೆ ಬಂದರೆ ಅವನು ಜಗಲಿ ಇಳಿದುಬಿಡಬೇಕು. ಎದುರಿಗಿದ್ದ ಹೊಂಗೆಮರದ ಕೆಳಗೆ, ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ ನಿಲ್ಲಬೇಕು. ಕರೆದ ಮೇಲೆ ಬರಬೇಕು, ಏನಾಯಿತೆಂದು ಕೇಳಬಾರದು. ಮಗ, ಅಳಿಯ, ತಮ್ಮ, ತಮ್ಮನ ಮಗ, ಯಾರಾದರೂ ಸರಿ. ನಾನು ಬರುವುದಕ್ಕೆ ಮುಂಚೆ ಒಬ್ಬರು ತಮ್ಮ ಅಳಿಯನನ್ನು ಹೊಗಳಿ ಹೊಗಳಿ ಟೀಮಿಗೆ ಸೇರಿಸಿ, ಅವನು ಪಾವಗಡದಲ್ಲಿ ಮಾನ ಕಳೆದು, ಆಮೇಲೆ ಜಗಲಿಯಲ್ಲಿ ಕೈ ಕೈ ಮಿಲಾಯಿಸುವ ತನಕ ಹೋಗಿತ್ತಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಹೇಳಿ ಮಾವನೇ ಈ ಕಟ್ಟಳೆ ಮಾಡಿದ್ದರು.

ಮಾಡಿದವರೇ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಬೇಕಾಯಿತು. ಯಾಕೆಂದರೆ ನನ್ನ ಗಂಡ ಟೀಮಿನ ಬ್ಯಾಕು. ಎಡಗಡೆಯಲ್ಲಿ ಗೋಲಿನ ಮುಂದೆ ನಿಂತು, ಬರುವವರನ್ನು ತಡೆಯುವ ಜಾಗ ಅವರದು. ಐದಾರು ವರ್ಷದಿಂದ ಅದು ಅವರದೇ. ಪ್ರತಿ ವರ್ಷ ಅವರ ಹೆಸರು ಬಂದಾಗ ಮಾವ ಹೆಗಲ ಮೇಲಿನ ಟವಲು ಕೊಡವಿ ಎದ್ದು ಹೊಂಗೆಮರದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆ ಮನುಷ್ಯ ಜಗಲಿಯ ನಿಯಮವನ್ನು ಮನೆಯೊಳಕ್ಕೂ ತಂದಿದ್ದರು. ಮಗ ಆಡಿ ಗೆದ್ದು, ಜನ ಹೆಗಲ ಮೇಲೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ ದಿನವೂ, "ಅಂಗಡಿ ಬೀಗ ಎಲ್ಲಿಟ್ಟೆ?" ಎಂದು ಕೇಳಿದವರು. ಅದೇ ದಿನ ಗೋಲಿಯ ಹುಡುಗನನ್ನು, ಮಿಲ್ಲಿನ ಹುಡುಗನನ್ನು ತಾಸುಗಟ್ಟಲೆ ಹೊಗಳಿದರು. ಮಗನ ಆಟದ ಬಗ್ಗೆ ಮಾತ್ರ ತುಟಿ ಎರಡು ಮಾಡಲಿಲ್ಲ.

"ಊರೋರೆಲ್ಲ ಮಾತಾಡ್ತಾರೆ, ನಮ್ಮಪ್ಪ ಒಬ್ರು ಬಿಟ್ಟು" ಎಂದು ಇವರು ಒಮ್ಮೆ ನನ್ನ ಹತ್ತಿರ ಹೇಳಿದರು. ನಗುತ್ತಲೇ ಹೇಳಿದರು, ಆದರೆ ಆ ನಗು ನನಗೆ ಹಿಡಿಸಲಿಲ್ಲ. ಎಸ್‌.ಎಸ್‌.ಎಲ್‌.ಸಿ. ಪಾಸಾಗಲಿಲ್ಲ, ಅಪ್ಪನ ಅಂಗಡಿಯಲ್ಲೇ ಕೂತರು, ಅಲ್ಲಿಯೂ ಕಂಬಳಿಯ ಗುಟ್ಟು ಅವರ ಬೆರಳಿಗೆ ಹತ್ತಲಿಲ್ಲ. ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತೀಯ ಎಂದು ಅಪ್ಪ ಹೇಳಲಿ ಎನ್ನುವ ಆಸೆ ಮದುವೆಯಾದ ಗಂಡಸಿಗೂ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆ ದಿನ. ಮಾವನ ಮೇಲೆ ನನಗೆ ಸಿಟ್ಟು ಬಂತು. ಬಂದದ್ದು ಹೋಗಲಿಲ್ಲ.

ಆಮೇಲೊಂದು ವರ್ಷ ಇವರ ಬಲ ಮೊಣಕಾಲು ಕೈ ಕೊಟ್ಟಿತು. ಮೊದಲು ಊಟಕ್ಕೆ ಕೂತು ಏಳುವಾಗ ಗೋಡೆಗೆ ಕೈ ಊರುತ್ತಿದ್ದರು. ಆಮೇಲೆ ಅಟ್ಟ ಹತ್ತುವುದನ್ನು ಬಿಟ್ಟರು. ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಕೂತರೆ, ನಾನು ಹರಳೆಲೆಯನ್ನು ಬಿಸಿ ಮಾಡಿ ಎಣ್ಣೆ ಹಚ್ಚಿ ಕಟ್ಟಬೇಕು. ಮೊಣಕಾಲು ಬೆಲ್ಲದಚ್ಚಿನ ಹಾಗೆ ಊದಿರುತ್ತಿತ್ತು. "ಅಪ್ಪಂಗೆ ಹೇಳ್ಬೇಡ, ಯಾರಿಗೂ ಹೇಳ್ಬೇಡ. ಮಧುಗಿರಿ ಆಟ ಒಂದು ಮುಗೀಲಿ" ಎನ್ನುತ್ತಿದ್ದರು. ಕಟ್ಟು ಬಿಗಿದು, ಪಂಚೆ ಇಳಿಬಿಟ್ಟು, ಏನೂ ಆಗದವರ ಹಾಗೆ ಅಂಗಡಿಗೆ ನಡೆಯುತ್ತಿದ್ದರು.

ಮುಚ್ಚಿಟ್ಟರೆ ಮುಚ್ಚಿಕೊಳ್ಳುವ ವಿಷಯವೇ ಅದು? ಕೊರಟಗೆರೆಯ ಆಟದಲ್ಲಿ ಒಬ್ಬ ಹುಡುಗ ಚೆಂಡು ತಂದು ಇವರ ಮುಂದೆ ಸುಮ್ಮನೆ ಒಂದು ಸುತ್ತು ತಿರುಗಿದ. ಇವರೂ ತಿರುಗಹೋಗಿ ಕಾಲು ಮಡಿಸಿ ಕೂತುಬಿಟ್ಟರಂತೆ. ಅವನು ಹೋಗಿ ಗೋಲು ಹೊಡೆದ. ಇವರು ಏಳುವುದಕ್ಕೆ ಪಡುತ್ತಿದ್ದ ಪಾಡು ನೋಡಿ ಕೊರಟಗೆರೆಯ ಜನ ನಕ್ಕರಂತೆ. ಇದನ್ನು ಇವರು ನನಗೆ ಹೇಳಲಿಲ್ಲ. ಕಿಟಕಿ ಹೇಳಿತು.

ಅದೇ ಸಮಯಕ್ಕೆ ಇವರ ಜಾಗಕ್ಕೆ ಇನ್ನೊಬ್ಬ ಸಿದ್ಧನಾಗಿದ್ದ. ಸಾಬರ ತಮ್ಮನ ಮಗ, ಅವರ ಕಲಾಯಿ ಅಂಗಡಿಯಲ್ಲೇ ತಿದಿ ಒತ್ತುತ್ತಿದ್ದವನು. ಹದಿನೆಂಟು ತುಂಬಿತ್ತೋ ಇಲ್ಲವೋ, ಉದ್ದ ಕಾಲು, ಮಾತು ಕಮ್ಮಿ. ಇವರ ಆಟ ನೋಡಿ ನೋಡಿಯೇ ಕಲಿತವನು.

ಮಧುಗಿರಿಯ ಆಟಕ್ಕೆ ಟೀಮು ಆರಿಸುವ ಸಂಜೆ ಬಂತು. ಬ್ಯಾಕಿನ ಜಾಗದ ಮಾತು ಬಂದ ಕೂಡಲೇ ಮಾವ ಎದ್ದರು. ಅವರ ಹಿಂದೆಯೇ ಸಾಬರೂ ಎದ್ದರು. ಒಬ್ಬರ ಮಗ, ಇನ್ನೊಬ್ಬರ ತಮ್ಮನ ಮಗ, ಇಬ್ಬರೂ ಇಳಿಯಲೇಬೇಕು. ಒಂದೇ ಹೊಂಗೆಮರದ ಕೆಳಗೆ ಇಬ್ಬರು ಗೆಳೆಯರು ನಿಂತು ಸೀಮೆಎಣ್ಣೆ ಸಿಗುತ್ತಿಲ್ಲ, ಕೆರೆಯಲ್ಲಿ ನೀರು ಎಷ್ಟಿದೆ ಎಂದು ಮಾತಾಡುತ್ತಿದ್ದರು. ಕಣ್ಣು ಮಾತ್ರ ಇಬ್ಬರದೂ ನೆಲದ ಮೇಲೆ.

ಜಗಲಿಯಲ್ಲಿ ಉಳಿದವರ ಮಾತು ನನಗೆ ಕೇಳುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. "ಕಾಲು ಹೋಗೈತೆ ಕಣ್ರಿ, ನೋಡಿದ್ರೆ ತಿಳಿಯಾಕಿಲ್ವಾ" ಎಂದರು ಒಬ್ಬರು. "ತಿಳೀತದೆ. ಹೇಳೋರು ಯಾರು?" ಎಂದರು ಡ್ರಿಲ್ ಮೇಷ್ಟ್ರು. "ಅವ್ರ ಜಗಲಿ ಮ್ಯಾಲೆ ಕುಂತು, ಅವ್ರ ಮನೆ ಕಾಫಿ ಕುಡ್ದು, ಅವ್ರ ಮಗನ್ನೇ ತೆಗೆದಾಕದಾ?" ಯಾವಾಗಲೂ ಅಡ್ಡ ಮಾತಾಡುವ ಹೋಟೆಲಿನವರೂ ಆ ದಿನ ಅಡ್ಡ ಬರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಸಿಗಲಿಲ್ಲ. ನಾಳೆ ನೋಡೋಣ ಎಂದು ಎದ್ದರು. ಮರುದಿನವೂ ಅದೇ ಕತೆ. ಅದರ ಮರುದಿನ ಡ್ರಿಲ್ ಮೇಷ್ಟ್ರು ತೀರ್ಮಾನ ಮಾಡಿಬಿಟ್ಟರು: "ಈ ಒಂದ್ ವರ್ಷ ಅವ್ರೇ ಇರ್ಲಿ. ಸೋತ್ರೆ ಸೋಲೋಣ. ಹುಡುಗ ಮುಂದಿನ ವರ್ಷ ಆಡ್ಲಿ." ಎಲ್ಲರೂ ಸಮಾಧಾನದ ಉಸಿರುಬಿಟ್ಟರು.

ನನ್ನ ಕೈಯಲ್ಲಿ ಕಾಫಿ ಲೋಟಗಳ ತಟ್ಟೆ ಇತ್ತು. ದಾಕ್ಷಿಣ್ಯಕ್ಕೆ ಬಸಿರಾದರೆ ಹಡೆಯೋಕೆ ತಾವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇವರೆಲ್ಲರ ದಾಕ್ಷಿಣ್ಯಕ್ಕೆ ಹಡೆಯಬೇಕಾದವರು ನನ್ನ ಗಂಡ, ಅದೂ ನನ್ನ ತವರೂರಿನ ಬಯಲಲ್ಲಿ, ನನ್ನ ಅಣ್ಣತಮ್ಮಂದಿರ ಕಣ್ಣ ಮುಂದೆ. ಮಧುಗಿರಿಯವರು ಕೊರಟಗೆರೆಯವರಷ್ಟು ಮೆತ್ತಗೆ ನಗುವವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಗುವುದು ಹಾಗಿರಲಿ, ಇನ್ನೊಂದು ಸಲ ಆ ಕಾಲು ಮಡಿಸಿದರೆ ಮತ್ತೆ ಎದ್ದು ನಡೆಯುತ್ತಾರೋ ಇಲ್ಲವೋ. ನನಗೆ ಸಿಟ್ಟು ನೆತ್ತಿಗೇರಿತು. ತಟ್ಟೆ ಹಿಡಿದುಕೊಂಡೇ ಹೊಸ್ತಿಲು ದಾಟಿ ಜಗಲಿಗೆ ಬಂದೆ. ಸೊಸೆಯಾದವಳು ಆ ಹೊತ್ತಿನಲ್ಲಿ ಅಲ್ಲಿಗೆ ಬರುತ್ತಿರಲಿಲ್ಲ. ಕಾಫಿ ಇಟ್ಟು ಬರುತ್ತಿದ್ದದ್ದು ಅತ್ತೆ. ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಅವ್ರನ್ನ ಆಡಿಸ್ಬೇಡಿ" ಎಂದೆ. "ಬೆಳಿಗ್ಗೆ ಎದ್ರೆ ಮೊಣಕಾಲು ಮಡಿಸಾಕಾಗಲ್ಲ. ದಿನಾ ಹರಳೆಲೆ ಕಟ್ಟೋಳು ನಾನು. ನಿಮಗೂ ಗೊತ್ತು, ಗೊತ್ತಿದ್ದೂ ಕಳಿಸ್ತೀರಲ್ಲ, ಇದು ಯಾವ ಸ್ನೇಹ?"

ಡ್ರಿಲ್ ಮೇಷ್ಟ್ರು ತಡವರಿಸಿದರು. "ಅಲ್ಲ ಕಣಮ್ಮ, ತನ್ನೋರ ವಿಷ್ಯ ತಾವು ಮಾತಾಡಂಗಿಲ್ಲ ಅಂತ ಈ ಜಗಲೀಲಿ ಒಂದು..."

"ನಿಯಮ ನನಗೂ ಗೊತ್ತು ಮೇಷ್ಟ್ರೇ. ತನ್ನೋರನ್ನ ಹೊಗಳ್ತಾರೆ ಅಂತ ತಾನೇ ಮಾಡಿದ್ದು? ನಾನು ಹೊಗಳಾಕೆ ಬಂದಿಲ್ಲ."

ನನ್ನ ದನಿ ಹೊಂಗೆಮರದ ತನಕ ಹೋಗಿತ್ತು. ಇಬ್ಬರೂ ಬಂದರು. ಸಾಬರು ಮೆಟ್ಟಿಲ ಹತ್ತಿರ ನಿಂತು, "ಹಂಗನ್ಬೇಡ ಬೇಟಿ, ನಮ್ಮ ಹುಡ್ಗ ಇನ್ನೂ ಬಚ್ಚಾ, ಅವನಿಗೇನ್ ಗೊತ್ತು, ಈ ವರ್ಷ ಅಣ್ಣಾನೇ..." ಎಂದು ಶುರು ಮಾಡಿದರು. "ಚಾಚಾ, ನಿಮ್ಮ ಹುಡುಗನ ಮಾತು ಬಂದಾಗ ನೀವು ಮಾತಾಡಂಗಿಲ್ಲ" ಎಂದೆ. ಹೋಟೆಲಿನವರು ನಕ್ಕು, ನಕ್ಕದ್ದಕ್ಕೆ ನಾಚಿಕೆಪಟ್ಟು ಬೀದಿಯ ಕಡೆ ಮುಖ ತಿರುಗಿಸಿದರು.

ಮಾವ ನನ್ನನ್ನು ಒಂದೇ ಮಾತು ಕೇಳಿದರು. "ಊದೈತಾ?"

"ಊದೈತೆ ಮಾವ. ಮೂರು ತಿಂಗಳಾಯ್ತು."

ಒಂದೇ ಮನೆಯಲ್ಲಿ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದವರು, ಆಟದಲ್ಲಿ ಬಿದ್ದದ್ದು ಬಿಟ್ಟರೆ ಬೇರೇನೂ ಅವರಿಗೆ ಗೊತ್ತಿರಲಿಲ್ಲ. ಅವರ ಮುಖ ಕಂದಿತು. ಈಗಲಾದರೂ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ಜಗಲಿಯ ಮೇಲಿದ್ದವರನ್ನು ಒಮ್ಮೆ ನೋಡಿದರು. "ನಾನಿಲ್ಲಿ ಮಾತಾಡಂಗಿಲ್ಲ" ಎಂದು ಟವಲು ಕೊಡವಿಕೊಂಡು ಮತ್ತೆ ಹೊಂಗೆಮರದ ಕೆಳಗೆ ಹೋಗಿ ನಿಂತರು. ಸಾಬರೂ ಹಿಂದೆಯೇ ಹೋದರು. ನನಗೆ ಬಂದ ಕೋಪಕ್ಕೆ ಕೈಯಲ್ಲಿದ್ದ ತಟ್ಟೆ ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಮನುಷ್ಯನೋ ಮೈಲಿಗಲ್ಲೋ ಎಂದುಕೊಂಡೆ. ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹುಡುಗನೇ ಆಡಲಿ ಎಂದರು. ಯಾರೂ ಎದುರಾಡಲಿಲ್ಲ.

ಒಳಗೆ ಬಂದರೆ ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. "ಏನ್ ಮಾಡ್ಬುಟ್ಟೆ ಕಣಮ್ಮ, ಅವ್ನು ನಿನ್ನ ಸುಮ್ನೆ ಬಿಟ್ಟಾನಾ" ಎಂದರು. ಬೇರೆಯವರ ಬಾಯಿಂದ ಇವರ ಕಿವಿಗೆ ಬೀಳುವುದು ಬೇಡ ಎಂದು, ದೀಪ ಹಚ್ಚುವ ಹೊತ್ತಿಗೆ ಇವರು ಅಂಗಡಿಯಿಂದ ಬಂದ ಕೂಡಲೇ ನಾನೇ ಹೇಳಿದೆ. ಏನೂ ಬಚ್ಚಿಡದೆ, ನಾನಾಡಿದ ಮಾತನ್ನು ನಾನಾಡಿದ ಹಾಗೆಯೇ ಹೇಳಿದೆ.

ಇವರು ಕಾಲು ತೊಳೆಯುತ್ತಿದ್ದವರು ಚೊಂಬು ಕೆಳಗಿಟ್ಟರು. "ಬಚ್ಚಲ ಮನೇಲಿ ನಡೆದಿದ್ದನ್ನ ಬೀದೀಲಿ ಹರಾಜು ಹಾಕ್ಬುಟ್ಯಲ್ಲೇ" ಎಂದರು.

"ಕಾಲು ಮುರ್ಕಂಡು ಬಂದ್ರೆ ನಿಮ್ಮನ್ನ ಆ ಬಚ್ಚಲಿಗೆ ಹೊತ್ಕಂಡು ಹೋಗೋಳು ನಾನೇ ತಾನೇ?"

ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಅಮ್ಮನ ಕಡೆ ತಿರುಗಿ ಕೇಳುವರು. ಹರಳೆಲೆ ಬಿಸಿ ಮಾಡಿ ಬಚ್ಚಲ ಬಾಗಿಲಿಗೆ ಇಟ್ಟರೆ, ಅದನ್ನು ತಾವೇ ಹೇಗೋ ಸುತ್ತಿಕೊಳ್ಳುವರು. ನಾನು ಮಾಡಿದ್ದು ತಪ್ಪೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಭಯವಾಗಿತ್ತು. ಅವರ ಕಾಲು ಉಳಿಸಹೋಗಿ ಅವರನ್ನೇ ಕಳೆದುಕೊಂಡೆನೇನೋ ಎಂದು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅವರಿಗೆ ಇದ್ದದ್ದು ಅದೊಂದು ಆಟ. ಇನ್ನು ಮೇಲೆ ಅವರಪ್ಪ ಮೆಚ್ಚುವುದಕ್ಕೆ ಅವರ ಹತ್ತಿರ ಏನಿತ್ತು?

ಆಟಕ್ಕೆ ಎರಡು ದಿನ ಇರುವಾಗ ಸಾಬರ ತಮ್ಮನ ಮಗ ನಮ್ಮ ಹಿತ್ತಲಿಗೆ ಬಂದ. ಇವರು ನೀರು ಸೇದುತ್ತಿದ್ದರು. ಹುಡುಗ ಬೇಲಿಯ ಹತ್ತಿರವೇ ನಿಂತ. ಒಳಗೆ ಬರಲು ಧೈರ್ಯ ಸಾಲದು, ಹಿಂದಕ್ಕೆ ಹೋಗಲು ಮನಸ್ಸಿಲ್ಲ. ಕೊನೆಗೆ ಕೇಳಿದ: "ಅಣ್ಣ, ಮಧುಗಿರಿ ಬಲಗಡೆ ಆಡ್ತಾನಲ್ಲ, ಅವ್ನು ಒಳಕ್ಕೆ ತಿರುಗ್ತಾನಾ, ಹೊರಕ್ಕೆ ತಿರುಗ್ತಾನಾ?"

ಇವರು ಬಿಂದಿಗೆ ತುಂಬಿ ಕಟ್ಟೆಯ ಮೇಲಿಟ್ಟರು. ಇನ್ನೊಂದು ಬಿಂದಿಗೆ ತುಂಬಿದರು. ಹುಡುಗ ನಿಂತೇ ಇದ್ದ. ಹಿತ್ತಲ ಬಾಗಿಲ ಹಿಂದೆ ನಾನು ನಿಂತಿದ್ದೆ. ಬೈದು ಕಳಿಸಿದರೆ ಎಲ್ಲ ಮುಗಿಯಿತು ಎಂದು ನನಗೆ ಅನ್ನಿಸಿತ್ತು. ಇವರು ಒಂದು ಕಡ್ಡಿ ಎತ್ತಿಕೊಂಡು, ಕಾಲು ನೀಡಿ ನೆಲದ ಮೇಲೆ ಕೂತು, "ಬಾ ಇಲ್ಲಿ" ಎಂದರು. ಮಣ್ಣಿನಲ್ಲಿ ಗೋಲು ಬರೆದರು. "ಎರಡು ಸಲ ಹೊರಕ್ಕೆ ತಿರುಗ್ತಾನೆ, ಮೂರ್ನೇ ಸಲ ಒಳಕ್ಕೆ ಬತ್ತಾನೆ. ನೀನು ಚೆಂಡು ನೋಡ್ಬೇಡ, ಅವನ ಸೊಂಟ ನೋಡು." ಕತ್ತಲಾಗುವ ತನಕ ಹೇಳಿಕೊಟ್ಟರು. ಹುಡುಗ ಹೋದ ಮೇಲೆ ಒಳಗೆ ಬಂದು, ಅಮ್ಮನ ಕಡೆ ತಿರುಗದೆ, ನನಗೇ ಹೇಳಿದರು: "ಕಾಫಿ ಕೊಡು."

ಆಟದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರ ಜೊತೆ ಇವರೂ ಮಧುಗಿರಿಗೆ ಹೋದರು, ಟೀಮಿನವರ ಸೀಟಿನಲ್ಲಿ ಅಲ್ಲ, ಹಿಂದೆ ನೋಡುವವರ ಸೀಟಿನಲ್ಲಿ. ಬಂದದ್ದು ದೀಪ ಹಚ್ಚಿದ ಮೇಲೆ. ಸೋತೂ ಇರಲಿಲ್ಲ, ಗೆದ್ದೂ ಇರಲಿಲ್ಲ, ಇಬ್ಬರದೂ ಒಂದೊಂದು ಗೋಲು. ಆದರೆ ಹುಡುಗನನ್ನು ದಾಟಿ ಒಬ್ಬನೂ ಹೋಗಲಿಲ್ಲವಂತೆ. ಇವರು ಕೂಗಿ ಕೂಗಿ ಗಂಟಲು ಹರಿದುಕೊಂಡು ಬಂದಿದ್ದರು.

ಎಲ್ಲರೂ ನೇರವಾಗಿ ನಮ್ಮ ಜಗಲಿಗೇ ಬಂದರು. ಆಡುವವರು ಆ ಜಗಲಿ ಹತ್ತುವ ಪದ್ಧತಿ ಇರಲಿಲ್ಲ. ಇವರು ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತರು. ಹೋಟೆಲಿನವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಇವರು ಕಂಬಕ್ಕೆ ಒರಗಿ, ಕಾಲು ನೀಡಿ ಕೂತರು. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತೆವು. ತಟ್ಟೆ ಹಿಡಿದು ಹೊರಬಂದ ದಿನದಿಂದ ನನ್ನನ್ನು ಯಾರೂ ಒಳಗೆ ಹೋಗು ಎನ್ನುತ್ತಿರಲಿಲ್ಲ.

ಹುಡುಗನ ಮಾತು ಬಂತು; ಸಾಬರು ಎದ್ದು ಹೊಂಗೆಮರಕ್ಕೆ ಹೋದರು. ಅವನ ಹೊಗಳಿಕೆಯೆಲ್ಲ ಮುಗಿದು ಅವರನ್ನು ಕರೆದ ಮೇಲೆ, ಯಾರೋ ಹೇಳಿದರು: "ಹುಡುಗ ಚೆನ್ನಾಗಾಡ್ದ, ಇಲ್ಲ ಅನ್ನಲ್ಲ. ಆದ್ರೆ ಇವ್ರು ಆಡ್ತಿದ್ದಾಗ..." ಎಂದು ನನ್ನ ಗಂಡನ ಕಡೆ ಕೈ ತೋರಿಸಿದರು. ಮಾವ ಅಭ್ಯಾಸ ಬಲದಿಂದ ಟವಲು ಕೊಡವಿ ಎದ್ದು ನಿಂತರು.

"ಎಲ್ಲಿಗೆ ಹೊಂಟ್ರಿ?" ಎಂದರು ಹೋಟೆಲಿನವರು. "ಅವ್ರು ಈಗ ಟೀಮಿನಾಗಿಲ್ವಲ್ಲ. ಕೂತ್ಕಳಿ."

ಮಾವ ಅರ್ಧ ಇಳಿದಿದ್ದವರು ಹಾಗೇ ನಿಂತರು. ಅದು ಅವರಿಗೆ ಹೊಳೆದೇ ಇರಲಿಲ್ಲವೇನೋ. ಮತ್ತೆ ಮೇಲೆ ಬಂದು ಕೂತರು. ಏನು ಮಾಡಬೇಕೆಂದು ತಿಳಿಯದೆ ಟವಲನ್ನು ತೊಡೆಯ ಮೇಲೆ ಮಡಿಸುತ್ತಾ ಇದ್ದರು. ಆಗ ಇವರು, ಒಡೆದ ಗಂಟಲಿನಲ್ಲಿ, ಅಪ್ಪನ ಮುಖ ನೋಡದೆ ಕೇಳಿದರು: "ನಾನು ಹೆಂಗಾಡ್ತಿದ್ದೆ ಅಪ್ಪ?"

ಮಾವ ಟವಲು ಮಡಿಸುವುದು ನಿಂತಿತು.

"ಮೊದಲ್ನೇ ವರ್ಷ ಪಾವಗಡದಾಗೆ" ಎಂದು ಶುರು ಮಾಡಿದರು, "ಕೆಂಧೂಳು ಎದ್ದು ಯಾರಿಗೂ ಏನೂ ಕಾಣ್ತಿರ್ಲಿಲ್ಲ. ಚೆಂಡು ಮೇಲಿಂದ ಬಂತು. ಎಲ್ರೂ ಮುಖ ಮುಚ್ಕಂಡ್ರು. ನೀನೊಬ್ನೇ ಕಣ್ಣು ಬಿಟ್ಕಂಡು ನಿಂತು ಎದೇಲಿ ತಡೆದೆ." ಆಮೇಲೆ ಅವರು ನಿಲ್ಲಿಸಲಿಲ್ಲ. ಎರಡನೇ ವರ್ಷ ಕೊರಟಗೆರೆಯಲ್ಲಿ ಗೋಲಿ ಬಿದ್ದಿದ್ದಾಗ ಗೆರೆಯ ಮೇಲಿಂದ ತಲೆಯಲ್ಲಿ ಎತ್ತಿ ಹಾಕಿದ್ದು. ಮಧುಗಿರಿಯಲ್ಲಿ ಉಗುರು ಕಿತ್ತು ರಕ್ತ ಸುರಿಯುತ್ತಿದ್ದರೂ ಹೊರಗೆ ಬರದೆ ಇದ್ದದ್ದು. ಯಾವ ಆಟ, ಯಾರ ಎದುರಿಗೆ, ಬಿಸಿಲು ಯಾವ ಕಡೆಯಿಂದ ಹೊಡೆಯುತ್ತಿತ್ತು, ಎಲ್ಲ. "ಚೆಂಡನ್ನ ಎಡಗಾಲಿಂದ ಬಲಗಾಲಿಗೆ ತಗಳೋವಾಗ ಒಂದ್ ಚೂರು ತಲೆ ಎತ್ತಿ ನೋಡ್ತಿದ್ದೆ, ಯಾರು ಎಲ್ಲವ್ರೆ ಅಂತ. ಅದನ್ನ ನಿಂಗೆ ಯಾವ ಮೇಷ್ಟ್ರೂ ಹೇಳ್ಕೊಡ್ಲಿಲ್ಲ. ಈ ನಾಲ್ಕೂರಿನಾಗೆ ಇನ್ಯಾರಿಗೂ ಅದು ಬರಾಕಿಲ್ಲ" ಎಂದರು. ಡ್ರಿಲ್ ಮೇಷ್ಟ್ರು ಹೌದು ಎನ್ನುವಂತೆ ತಲೆಯಾಡಿಸಿದರು. ಸಾಬರು ಕಣ್ಣೊರೆಸಿಕೊಂಡರು. ಮಾವನ ಮೇಲಿನ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಳಗೆ ಮುದ್ದೆ ಆರಿ ತಣ್ಣಗಾಗುತ್ತಿತ್ತು. ಅತ್ತೆಯೂ ಊಟಕ್ಕೆ ಕರೆಯಲಿಲ್ಲ.

ಇವರು ತಲೆ ತಗ್ಗಿಸಿ ಕೂತಿದ್ದವರು, ಎಲ್ಲ ಮುಗಿದ ಮೇಲೆ ಮುಖ ಎತ್ತಿದರು. ಕಣ್ಣು ಕೆಂಪಾಗಿತ್ತು.

"ಇಷ್ಟೆಲ್ಲ ನೋಡಿದ್ಯಲ್ಲ. ಒಂದ್ ದಿನಾನೂ ಯಾಕಪ್ಪ ಹೇಳ್ಲಿಲ್ಲ?"

ಮಾವ ಮಗನನ್ನೇ ನೋಡಿದರು. ಇದು ಕೇಳಬೇಕಾದ ಪ್ರಶ್ನೆಯೇ ಎನ್ನುವ ಹಾಗೆ ನೋಡಿದರು.

"ನೀನು ಆಡ್ತಿದ್ಯಲ್ಲೋ" ಎಂದರು.